ಒಡಲ ನೀರು ಬತ್ತಿದಾಗ

(ಕಬ್ಬು ಕಡಿಯುವ, ಆಲೆಮನೆಯಲ್ಲಿ ದುಡಿಯುವ ಕೂಲಿಗಾರರ ಸಭೆಯಲ್ಲಿ ಆಡಿದ ಮಾತು. ಆಡಿದ್ದನ್ನು ಆಮೇಲೆ ಬರೆದುಕೊಂಡಿದ್ದೇವೆ.)

ಅಣ್ಣಂದಿರೇ, ಅಕ್ಕಂದಿರೇ, ಹಿಂದುಗಡೆ ಗೋಡೆಗೆ ಒರಗಿ ಕೂತಿರುವ ಅವ್ವಂದಿರೇ,

ನಮ್ಮನ್ನು ಕರೆದವರು ಎರಡು ಪದ್ಯ ಓದಿ ಅಂದಿದ್ದರು. ಇವತ್ತು ಪದ್ಯ ಬೇಡ. ಹೋದ ತಿಂಗಳು ನಮ್ಮ ಕೇರಿಯಲ್ಲಿ ಒಂದು ಸಾವಾಯಿತು. ಆ ಸಾವಿನ ಮೇಲೆ ಪದ್ಯ ಬರೆಯೋಣ ಅಂತ ಕೂತೆವು. ನಾಲ್ಕು ಸಾಲು ಬಂತು. ಆಮೇಲೆ ನಾಚಿಕೆಯಾಯಿತು. ಯಾಕೆಂದರೆ ಆ ಮನುಷ್ಯ ಸಾಯಲೇಬೇಕಾದ ಕಾರಣ ಯಾವುದೂ ಇರಲಿಲ್ಲ. ಅವನನ್ನು ಉಳಿಸಲು ಬೇಕಾದದ್ದು ಒಂದು ಬಿಂದಿಗೆ ನೀರು, ಒಂದಿಷ್ಟು ಸಕ್ಕರೆ, ಒಂದಿಷ್ಟು ಉಪ್ಪು. ಮೂರೂ ಅಲ್ಲೇ ಇದ್ದವು. ಸಕ್ಕರೆಯ ಅಪ್ಪ ಬೆಲ್ಲ ಕೊಪ್ಪರಿಗೆಗಟ್ಟಲೆ ಕುದೀತಿತ್ತು. ಇಲ್ಲದೇ ಇದ್ದದ್ದು ತಿಳಿವಳಿಕೆ. ಅದನ್ನೇ ಇವತ್ತು ಮಾತಾಡ್ತೀವಿ.

ನಾವು ಡಾಕ್ಟರಲ್ಲ. ಆದರೆ ಆ ಸಾವಾದ ಮೇಲೆ ಡಾಕ್ಟರ ಹತ್ತಿರ ಹೋಗಿ, ನರ್ಸಮ್ಮನ ಹತ್ತಿರ ಹೋಗಿ, ಆಶಾ ಅಕ್ಕನ ಹತ್ತಿರ ಕೂತು, ಕೇಳಿ ಕೇಳಿ ಬರೆದುಕೊಂಡು ಬಂದಿದ್ದೀವಿ.

ಅವನು ವರಸೆಯಲ್ಲಿ ನಮಗೆ ಚಿಕ್ಕಪ್ಪ. ಏಕವಚನದಲ್ಲೇ ಕರೆದು ಬೆಳೆದವರು ನಾವು. ಹೆಸರು ಹೇಳಲ್ಲ, ಚಿಕ್ಕಮ್ಮ ಇಲ್ಲೇ ಸಭೆಯಲ್ಲಿ ಕೂತವಳೆ. ವಯಸ್ಸು ನಲವತ್ತೈದು ದಾಟಿರಲಿಲ್ಲ. ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಒಡ್ಡುವ ಕೆಲಸ. ಆ ಒಲೆಯ ಬಾಯಿ ಮುಂದೆ ನಿಂತವರಿಗೆ ಗೊತ್ತು: ತಲೆ ಮೇಲೆ ಬಿಸಿಲು, ಮುಖದ ಮುಂದೆ ಬೆಂಕಿ, ಮಗ್ಗುಲಲ್ಲಿ ಹಬೆ. ಹಿಂದಿನ ರಾತ್ರಿ ನಾಲ್ಕೈದು ಸಲ ಭೇದಿಯಾಗಿತ್ತು. ಬೆಳಿಗ್ಗೆ ಚಿಕ್ಕಮ್ಮ ಹೋಗಬೇಡ ಅಂದಳು. ಮುಂಗಡ ಇಸ್ಕೊಂಡಿದ್ದ, ಹೋದ. ಭೇದಿಯಾಗ್ತಿದೆ ಅಂತ ನೀರೂ ಕುಡಿಯಲಿಲ್ಲ. ನೀರು ಕುಡಿದರೆ ಭೇದಿ ಹೆಚ್ಚಾಗುತ್ತೆ ಅನ್ನೋದು ನಮ್ಮ ಕಡೆಯ ನಂಬಿಕೆ.

ಹನ್ನೊಂದು ಗಂಟೆಗೆ ಮೀನಖಂಡ ಸೆಳೆದುಕೊಂಡಿತು. ಕೂತು ನೀವಿಕೊಂಡು ಎದ್ದ. ಹನ್ನೆರಡಕ್ಕೆ ತಲೆ ಸುತ್ತುತ್ತೆ ಅಂದ. ಒಂದು ಗಂಟೆಗೆ ತೂರಾಡಿದ, ಮಾತು ತೊದಲಿತು. ಮಗನನ್ನು ಕರೆಯಬೇಕಾದವನು ಯಾವತ್ತೋ ಸತ್ತ ಅಣ್ಣನ ಹೆಸರು ಹಿಡಿದು ಕೂಗಿದ. ಆಲೆಮನೆ ಯಜಮಾನ ಅಂದದ್ದು ಒಂದೇ ಮಾತು. 'ಬೆಳಿಗ್ಗೇನೇ ಏರಿಸ್ಕೊಂಡ್ ಬಂದವ್ನೆ. ಆ ಹೊಂಗೆ ಮರದ ಕೆಳಕ್ಕೆ ಎಳೆದಾಕ್ರೋ, ಇಳೀಲಿ.'

ಎಳೆದು ಹಾಕಿದವರು ಯಾರು? ನಾವೇ. ಅದನ್ನು ಮುಚ್ಚಿಡೋದಿಲ್ಲ. ಯಜಮಾನ ಹೇಳಿದ, ನಾವು ನಂಬಿದೆವು. ಊರವನು ತೂರಾಡಿದರೆ ತಲೆಸುತ್ತು, ಕೇರಿಯವನು ತೂರಾಡಿದರೆ ಹೆಂಡ. ಈ ಲೆಕ್ಕ ಅವರ ತಲೆಯಲ್ಲಿ ಮಾತ್ರ ಇಲ್ಲ, ನಮ್ಮ ತಲೆಯಲ್ಲೂ ಬೇರು ಬಿಟ್ಟಿದೆ. ಅವನು ಕುಡೀತಿದ್ದ, ಹೌದು. ಆವತ್ತು ಕುಡಿದಿರಲಿಲ್ಲ. ಬಾಯಿ ಮೂಸಿ ನೋಡುವಷ್ಟು ಹತ್ತಿರಕ್ಕೂ ನಮ್ಮಲ್ಲಿ ಯಾರೂ ಹೋಗಲಿಲ್ಲ. ಸಂಜೆ ನಾಲ್ಕಕ್ಕೆ ಚಿಕ್ಕಮ್ಮ ಬಂದು ಮುಟ್ಟಿದಾಗ ಕೈಕಾಲು ತಣ್ಣಗಿದ್ದವು. ಆಟೋ ಹುಡುಕಿ ಹೊರಡೋ ಹೊತ್ತಿಗೆ ಐದು. ದಾರಿಯಲ್ಲೇ ಹೋದ. ಡಾಕ್ಟರು ನೋಡಿ, ಮೈಯಲ್ಲಿನ ನೀರು ಉಪ್ಪು ಎಲ್ಲಾ ಖಾಲಿಯಾಗಿತ್ತು, ಮಧ್ಯಾಹ್ನ ತಂದಿದ್ದರೆ ಉಳೀತಿದ್ದ ಅಂದರು.

ಇದಕ್ಕೆ ಪುಸ್ತಕದ ಕನ್ನಡದಲ್ಲಿ ನಿರ್ಜಲೀಕರಣ ಅಂತಾರೆ. ಯಾರಪ್ಪ ಇದನ್ನು ಹುಟ್ಟಿಸಿದೋರು? ಈ ಪದ ಹೇಳೋ ಹೊತ್ತಿಗೇ ಬಾಯಿ ಒಣಗುತ್ತೆ. ನಮ್ಮವ್ವಂದಿರು 'ಮೈ ಬತ್ತೋಯ್ತು' ಅಂತಾರೆ. ಅಷ್ಟು ಸಾಕು. ಕೆರೆ ಬತ್ತುತ್ತೆ, ಬಾವಿ ಬತ್ತುತ್ತೆ, ಮೈಯೂ ಬತ್ತುತ್ತೆ.

ಬೆಳೆದ ಗಂಡಸಿನ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ನೀರೇ. ಹೆಂಗಸರಲ್ಲಿ ಸುಮಾರು ಅರ್ಧ. ವಯಸ್ಸಾದಂತೆಲ್ಲಾ ಈ ಪಾಲು ಇಳಿಯುತ್ತೆ, ಅಂದರೆ ಮುದುಕರ ಕೆರೆ ಮೊದಲೇ ಅರ್ಧ ಬತ್ತಿದ ಕೆರೆ. ಬಿಸಿಲಲ್ಲಿ ಗೇಯುವವರ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಬೆವರಿನ ಜೊತೆ ಉಪ್ಪು ಹೋಗುತ್ತೆ. ಸಂಜೆ ಬಿಚ್ಚಿಟ್ಟ ಅಂಗಿಯ ಬೆನ್ನ ಮೇಲೆ ಬಿಳೀ ಗೆರೆ ಕಂಡಿದ್ದೀರಲ್ಲ, ಅದು ನಿಮ್ಮ ಮೈಯ ಉಪ್ಪು. 50 ಕೆಜಿ ತೂಗುವವನ ಮೈಯಿಂದ ಒಂದು ಲೀಟರು ಕಳೆದರೇ ಕೈಯ ಕಸುವು ಕಡಿಮೆಯಾಗುತ್ತೆ, ತಲೆ ನೋಯುತ್ತೆ. ಐದು ಲೀಟರು ಕಳೆದರೆ ಪ್ರಾಣಕ್ಕೇ ಬಂತು. ಕಾಲರಾ ಹಿಡಿದವನ ಮೈಯಿಂದ ಒಂದೇ ಗಂಟೆಯಲ್ಲಿ ಒಂದು ಲೀಟರು ಹೋಗಬಲ್ಲದು. ಬೆಳಿಗ್ಗೆ ನಡೆದಾಡಿದವನು ಸಂಜೆಗೆ ಇಲ್ಲ ಅಂತ ಹಿಂದೆ ಹೇಳ್ತಿದ್ದರಲ್ಲ, ಅದು ಮಾರಿ ಮುನಿದದ್ದಲ್ಲ, ನೀರು ಹೋದದ್ದು.

ಹೇಗೆ ಗುರುತು ಹಿಡಿಯೋದು? ಮೊದಲು ಉಚ್ಚೆ ನೋಡಿ. ನಗಬೇಡಿ ಅಕ್ಕ, ದುಡ್ಡಿಲ್ಲದೆ ಆಗುವ ಪರೀಕ್ಷೆ ಇದೊಂದೇ. ಒಣಹುಲ್ಲಿನ ತೆಳು ಬಣ್ಣ ಇದ್ದರೆ ಸರಿ. ಗಟ್ಟಿ ಹಳದಿ ಆದರೆ ಮೈ ನೀರು ಕೇಳ್ತಿದೆ. ಟೀ ಡಿಕಾಕ್ಷನ್ ಬಣ್ಣಕ್ಕೆ ಬಂದು, ಅದೂ ನಾಲ್ಕು ಹನಿ ಬಂದು ಉರಿದರೆ, ಕುಡುಗೋಲು ಕೆಳಗಿಟ್ಟು ನೆರಳಿಗೆ ಹೋಗಿ. ಬೆಳಿಗ್ಗೆ ಹೋದದ್ದು, ಸಂಜೆವರೆಗೂ ಹೋಗಲೇ ಇಲ್ಲ ಅಂದರೆ ಅದು ಗಟ್ಟಿತನ ಅಲ್ಲ, ಅಪಾಯ.

ಆಮೇಲೆ ಬಾಯಿ. ಎಂಜಲು ಅಂಟಂಟು, ನಾಲಗೆ ಅಂಗುಳಿಗೆ ಅಂಟೋದು, ತುಟಿ ಒಡೆಯೋದು. ಕೂತವನು ಎದ್ದರೆ ಕಣ್ಣಿಗೆ ಕತ್ತಲೆ ಕವಿಯೋದು. ಮೀನಖಂಡ, ಹೊಟ್ಟೆ, ಕೈ ಬೆರಳು ಸೆಳೆತ. ತಲೆನೋವು. ಕಾರಣವಿಲ್ಲದೆ ಸಿಟ್ಟು. ಎದೆ ಡವಡವ ಹೊಡೆದುಕೊಳ್ಳೋದು. ಇಲ್ಲಿಯವರೆಗೆ ಬಂದದ್ದನ್ನು ನಾವೇ ನೋಡಿಕೊಳ್ಳಬಹುದು.

ಇದರಾಚೆಗಿನದ್ದು ಬೇರೆ. ಕಣ್ಣು ಗುಳಿ ಬೀಳೋದು, ಕೈಕಾಲು ತಣ್ಣಗಾಗೋದು, ನಾಡಿ ಸಣ್ಣಗೆ ಓಡೋದು, ಮಾತು ತಪ್ಪೋದು, ಕೂತಲ್ಲೇ ತೂಕಡಿಸೋದು, ಲೋಟ ಬಾಯಿಗಿಟ್ಟರೂ ಕುಡಿಯಲಾಗದೆ ಹೋಗೋದು. ಇದರಲ್ಲಿ ಒಂದು ಕಂಡರೂ ಮನೆಮದ್ದು ನೆಚ್ಚಿ ಕೂರಬಾರದು. 108ಕ್ಕೆ ಫೋನು ಮಾಡಿ. ಅವನಿಗೆ ಬೇಕಾದದ್ದು ನರಕ್ಕೆ ಹಾಕುವ ಡ್ರಿಪ್ಪು. ತೂರಾಡುವವನನ್ನು ಕಂಡರೆ ಮೊದಲು ಕೇಳಿ: ಬೆಳಿಗ್ಗೆಯಿಂದ ಏನು ಕುಡಿದೆ, ಎಷ್ಟು ಸಲ ಉಚ್ಚೆ ಹೋದೆ, ಭೇದಿ ಆಗಿದೆಯಾ? ಹೆಂಡ ಕುಡಿದೇ ಇದ್ದ ಅಂತ ಇಟ್ಕೊಳ್ಳಿ, ಹೆಂಡ ಕುಡಿದವನ ಮೈ ಇನ್ನೂ ಬೇಗ ಬತ್ತುತ್ತೆ. ಕುಡಿದವನು ಅಂತ ಬಿಟ್ಟು ಹೋಗೋಕೆ ಅದೂ ಕಾರಣ ಅಲ್ಲ.

ಮುದುಕರ ವಿಚಾರ ಒಂದು ಮಾತು. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗಲ್ಲ. ಅಜ್ಜಿ ನೀರು ಕೇಳಲಿಲ್ಲ, ಅದಕ್ಕೇ ಕೊಡಲಿಲ್ಲ ಅನ್ನಬೇಡಿ. ಮುಂಗೈ ಚರ್ಮ ಹಿಡಿದೆತ್ತಿ ಬಿಟ್ಟರೆ ನಿಧಾನಕ್ಕೆ ಇಳಿಯುತ್ತೆ ಅನ್ನೋ ಪರೀಕ್ಷೆ ಒಂದಿದೆ. ಅದು ಮುದುಕರಲ್ಲಿ ನಂಬಿಕೆಗೆ ಬರಲ್ಲ, ಅವರ ಚರ್ಮ ಮೊದಲೇ ಸಡಿಲ. ನಿನ್ನೆವರೆಗೆ ಸರಿಯಾಗಿ ಮಾತಾಡ್ತಿದ್ದ ಅಜ್ಜಿ ಇವತ್ತು ಏನೇನೋ ಅಂತಿದ್ದರೆ ಅರಳುಮರುಳು ಅಂದುಕೊಳ್ಳುವ ಮೊದಲು ನಾಲಗೆ ನೋಡಿ.

ಇನ್ನೊಂದು ಸಂಗತಿ ನಮ್ಮನ್ನು ಬಹಳ ದಿನದಿಂದ ಕೊರೀತಾ ಇದೆ. ನಮ್ಮವರು ಯಾಕೆ ನೀರು ಕೇಳೋದಿಲ್ಲ?

1901ರ ಸುಮಾರಿನಲ್ಲಿ ಹತ್ತು ವರ್ಷದ ಭೀಮರಾವ್ ಅಣ್ಣನ ಜೊತೆ, ನೆಂಟರ ಹುಡುಗರ ಜೊತೆ, ತಂದೆ ಕೆಲಸದಲ್ಲಿದ್ದ ಊರಿಗೆ ಹೊರಟರು. ರೈಲಿಳಿದು ಎತ್ತಿನ ಗಾಡಿ ಹತ್ತಿದರು. ಬುತ್ತಿ ತುಂಬಾ ಊಟ ಇತ್ತು. ಜಾತಿ ತಿಳಿದ ಮೇಲೆ ದಾರಿಯುದ್ದಕ್ಕೂ ಒಂದು ಲೋಟ ನೀರು ಕೊಡುವವರಿರಲಿಲ್ಲ. ನೀರಿಲ್ಲದೆ ಆ ಊಟ ಉಣ್ಣಲಾಗದೆ ಮಕ್ಕಳು ಹಸಿದು ಮಲಗಿದರು. ಬಾಬಾಸಾಹೇಬರು ಇದನ್ನು ತಾವೇ ಬರೆದಿಟ್ಟಿದ್ದಾರೆ. ಅದೇ ಹುಡುಗ ಬೆಳೆದು 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಎತ್ತಿ ಕುಡಿದರು. ಆಮೇಲೆ ಆ ಕೆರೆಯನ್ನು ಸಗಣಿ, ಗಂಜಲ ಹಾಕಿ 'ಶುದ್ಧಿ' ಮಾಡಿದರು. ಹಳೇ ಕತೆ ಅಂತೀರಾ? 2022ರ ನವೆಂಬರಿನಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ, ಮದುವೆಗೆ ಬಂದಿದ್ದ ನಮ್ಮ ಹೆಣ್ಣುಮಗಳೊಬ್ಬಳು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು ಅಂತ ತೊಂಬೆಯ ನೀರನ್ನೆಲ್ಲಾ ಖಾಲಿ ಮಾಡಿ ಗಂಜಲದಿಂದ ತೊಳೆದರು. ತೊಂಬತ್ತೈದು ವರ್ಷ ಕಳೆದರೂ ಗಂಜಲ ಬದಲಾಗಲಿಲ್ಲ.

ಹೀಗಿರುವಾಗ ನಮ್ಮವ್ವ ಏನು ಕಲಿಸಿದಳು? 'ಊರೊಳಕ್ಕೆ ಹೋಗೋ ಮುಂಚೆ ಮನೇಲೇ ಕುಡ್ಕೊಂಡು ಹೋಗು. ಅಲ್ಲಿ ಕೇಳಬೇಡ.' ಮೇಲಿಂದ ಹುಯ್ಯೋ ನೀರಿಗೆ ಬೊಗಸೆ ಒಡ್ಡಬಾರದು ಅನ್ನೋದು ಅವಳ ಮರ್ಯಾದೆ. ಅವಳು ಮಾಡಿದ್ದು ತಪ್ಪು ಅಂತ ಹೇಗೆ ಹೇಳೋದು? ಅವಳ ಕೈಯಲ್ಲಿದ್ದ ಪ್ರತಿಭಟನೆ ಅದೊಂದೇ. ಆದರೆ ಬಾಯಾರಿಕೆ ತಡೆಯೋದೇ ಸ್ವಾಭಿಮಾನ ಅಂತ ಮೈಗೆ ಅಭ್ಯಾಸವಾಗಿ ಹೋಯಿತು. ಈಗ ಗದ್ದೆಯ ಬದುವಿನ ಮೇಲೆ ನಮ್ಮದೇ ಬಿಂದಿಗೆ ಇದ್ದರೂ ಸಾಲು ಮುಗಿಯೋವರೆಗೂ ಎದ್ದು ಹೋಗಿ ಕುಡಿಯಲ್ಲ. ಯಾರು ಎಷ್ಟು ಹೊತ್ತು ಕುಡಿಯದೆ ಗೇದರು ಅಂತ ಹುಡುಗರು ಪಂದ್ಯ ಕಟ್ಟೋದನ್ನು ಕಂಡಿದ್ದೀವಿ. ಯಜಮಾನನಿಗೆ ಇದಕ್ಕಿಂತ ಇನ್ನೇನು ಬೇಕು?

ಹೆಂಗಸರದ್ದು ಇನ್ನೊಂದು ಕತೆ. ಹೋಗೋಕೆ ಜಾಗ ಇಲ್ಲ, ಅದಕ್ಕೇ ಬೆಳಿಗ್ಗೆಯಿಂದ ಕುಡಿಯಲ್ಲ. ಬಯಲಲ್ಲಿ ಗಂಡಸರ ಕಣ್ಣು, ಕಬ್ಬಿನೊಳಗೆ ಹಾವಿನ ಭಯ. ಕುಡಿಯದೆ ಇದ್ದು ಇದ್ದು ಉರಿಮೂತ್ರ, ಮೂತ್ರದ ಸೋಂಕು, ಕಲ್ಲು. ಈ ಸಂಗತಿ ಹೇಳಿದವಳು ನಮ್ಮಕ್ಕ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನಮಗೆ ಇದು ಗೊತ್ತಿರಲಿಲ್ಲ. ಭಾಷಣ ಮಾಡುವ ಗಂಡಸರು ನಾವು, ಕೇಳಿಸಿಕೊಂಡದ್ದು ಕಡಿಮೆ.

ಈಗ ಮದ್ದಿನ ವಿಚಾರ. ಇದಕ್ಕೊಂದು ಚರಿತ್ರೆ ಇದೆ.

ಬರೀ ನೀರು ಕುಡಿದರೆ ಸಾಲದೇ ಅಂತ ಕೇಳ್ತೀರಿ. ಸಣ್ಣಪುಟ್ಟ ಬೆವರಿಗೆ ಸಾಕು, ಮೇಲೆ ಉಪ್ಪು ಹಾಕಿದ ಊಟ ಮಾಡಿದರೆ ಆಯಿತು. ಭೇದಿಗೆ ಸಾಲದು. ಭೇದಿಯಲ್ಲಿ ನೀರಿನ ಜೊತೆ ಉಪ್ಪೂ ಹೋಗಿರುತ್ತೆ, ಬರೀ ನೀರನ್ನು ಕರುಳು ಬೇಗ ಹೀರೋದಿಲ್ಲ. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ ಅಂದುಕೊಳ್ಳಿ. ಉಪ್ಪು ಒಂದೇ ಬಂದರೆ ಅದು ತೆರೆಯಲ್ಲ, ಸಕ್ಕರೆ ಒಂದೇ ಬಂದರೂ ತೆರೆಯಲ್ಲ. ಎರಡೂ ಕೈ ಹಿಡಿದುಕೊಂಡು ಬಂದರೆ ತೆರೆಯುತ್ತೆ. ಅವು ಒಳಗೆ ಹೋದರೆ ನೀರು ಹಿಂದೆಯೇ ನುಗ್ಗುತ್ತೆ. ಕಾಲರಾದಂಥ ಭೇದಿಯಲ್ಲೂ ಆ ಬಾಗಿಲು ಕೆಡೋದಿಲ್ಲ. ವಿಜ್ಞಾನಿಗಳು ಇದನ್ನು 1960ರ ದಶಕದಲ್ಲಿ ಕಂಡುಕೊಂಡರು.

ಆದರೆ ದೊಡ್ಡ ಡಾಕ್ಟರುಗಳಿಗೆ ನಂಬಿಕೆ ಬರಲಿಲ್ಲ. ಡ್ರಿಪ್ಪು ಬಿಟ್ಟು ಲೋಟದಲ್ಲಿ ಕುಡಿಸೋದೂ ಒಂದು ವೈದ್ಯವೇ ಅನ್ನೋದು ಅವರ ಭಾವನೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಲಕ್ಷಾಂತರ ಜನ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಉಟ್ಟ ಬಟ್ಟೆಯಲ್ಲಿ ಬಂದ ಬಡವರು. ನಾಮಶೂದ್ರರು, ಅಂದರೆ ನಮ್ಮಂಥವರೂ ಅದರಲ್ಲಿದ್ದರು. ಬನಗಾಂವ್ ಅನ್ನೋ ಗಡಿ ಊರಿನ ಆಸ್ಪತ್ರೆಯಲ್ಲಿ ಕಾಲರಾ. ನೆಲದ ಮೇಲೆ ರೋಗಿಗಳು, ಡ್ರಿಪ್ಪಿನ ಬಾಟಲಿ ಮುಗಿಯುತ್ತಾ ಬಂದಿತ್ತು. ಅಲ್ಲಿದ್ದ ಡಾಕ್ಟರು ದಿಲೀಪ್ ಮಹಾಲನಬಿಸ್. ಅವರು ಸಕ್ಕರೆಯ ಸಾರ ಗ್ಲೂಕೋಸು, ಅಡುಗೆ ಉಪ್ಪು, ಸೋಡಾ ಮೂರನ್ನೂ ಕಲ್ಕತ್ತೆಯಲ್ಲಿ ತೂಗಿಸಿ ಪೊಟ್ಟಣ ಕಟ್ಟಿಸಿ ತರಿಸಿದರು. ದೊಡ್ಡ ಡ್ರಮ್ಮಿನ ನೀರಿಗೆ ಕಲಸಿದರು. ಕುಡಿಸಿದವರು ಯಾರು ಗೊತ್ತೇ? ರೋಗಿಯ ಪಕ್ಕ ಕೂತ ತಾಯಿ, ಅಣ್ಣ, ಹೆಂಡತಿ. ಅವರೇ ಲೋಟದಲ್ಲಿ ಹಿಡಿದುಕೊಂಡು ಹೋಗಿ ಕುಡಿಸಿದರು. ಮೊದಲು ನೂರಕ್ಕೆ 30ರಷ್ಟಿದ್ದ ಸಾವು ಅವರ ಆರೈಕೆಯಲ್ಲಿ ನೂರಕ್ಕೆ 4ಕ್ಕಿಂತ ಕೆಳಗೆ ಇಳಿಯಿತು. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು 2023ರಲ್ಲಿ, ಸತ್ತ ಮೇಲೆ.

ಬಾಂಗ್ಲಾದೇಶದಲ್ಲಿ ಇದು ಇನ್ನೂ ಮುಂದಕ್ಕೆ ಹೋಯಿತು. ಅಲ್ಲಿನ ಬ್ರಾಕ್ ಅನ್ನೋ ಸಂಸ್ಥೆ 1980ರಿಂದ ಹತ್ತು ವರ್ಷ ಹಳ್ಳಿ ಹೆಣ್ಣುಮಕ್ಕಳನ್ನು ಮನೆಮನೆಗೆ ಕಳಿಸಿತು. ಪೊಟ್ಟಣ ಇಲ್ಲ, ಚಮಚ ಇಲ್ಲ. ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಒಂದು ಕೋಟಿಗೂ ಹೆಚ್ಚು ಮನೆಗೆ ಕಲಿಸಿದರು. ಕಲಿಸಿದವಳಿಗೆ ಕೂಲಿ ಸಿಗುತ್ತಿದ್ದದ್ದು ಎಷ್ಟು ಮನೆ ಮುಟ್ಟಿದೆ ಅಂತಲ್ಲ. ಆಮೇಲೆ ಬೇರೆಯವರು ಹೋಗಿ ಕೇಳಿದಾಗ ಆ ಮನೆಯಾಕೆಗೆ ಎಷ್ಟು ನೆನಪಿದೆ ಅನ್ನೋದರ ಮೇಲೆ. ನಮ್ಮ ಭಾಷಣಗಳಿಗೂ ಈ ಲೆಕ್ಕ ಹಾಕಿದರೆ ನಮಗೆಲ್ಲಾ ಎಷ್ಟು ಕೂಲಿ ಬರುತ್ತೋ ಕಾಣೆವು.

ಬಾಂಗ್ಲಾದ ಬೆಲ್ಲದ ಮಾತು ಕೇಳಿ ನಮಗೆ ಆ ಕೊಪ್ಪರಿಗೆ ನೆನಪಾಯಿತು. ಅದನ್ನು ಬಿಡಿ.

ನೀವು ನೆನಪಿಡಬೇಕಾದ ಅಳತೆ ಇದು. ಶುದ್ಧ ನೀರು ಒಂದು ಲೀಟರು. ಕುದಿಸಿ ಆರಿಸಿದ್ದರೆ ಒಳ್ಳೇದು. ಲೀಟರಿನ ನೀರಿನ ಬಾಟಲಿ ಎಲ್ಲೆಲ್ಲೂ ಬಿದ್ದಿರುತ್ತೆ, ತೊಳೆದಿಟ್ಟುಕೊಳ್ಳಿ, ಅದೇ ಅಳತೆ. ಸಣ್ಣ ಟೀ ಚಮಚದಲ್ಲಿ ಸಕ್ಕರೆ ಆರು, ಪುಡಿಯುಪ್ಪು ಅರ್ಧ. ಗೋಪುರ ಬೇಡ, ಬೆರಳಲ್ಲಿ ಸವರಿ ಮಟ್ಟ ಮಾಡಿ. ಆರು ಸಕ್ಕರೆ, ಅರ್ಧ ಉಪ್ಪು. ಇದನ್ನು ತಿರುಗುಮುರುಗು ಮಾಡಿದರೆ ಕೆಟ್ಟಿರಿ. ಉಪ್ಪು ಹೆಚ್ಚಾದರೆ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿ ಇನ್ನೂ ಜೋರು. ಕಲ್ಲುಪ್ಪಾದರೆ ಕುಟ್ಟಿ ಪುಡಿ ಮಾಡಿ ಅಳೆಯಿರಿ. ಸಕ್ಕರೆ ಇಲ್ಲದಿದ್ದರೆ ಬೆಲ್ಲ ಕರಗಿಸಿ ಸೋಸಿ ಹಾಕಬಹುದು. ಕಲಸಿದ್ದನ್ನು ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ.

ಇದಕ್ಕಿಂತ ಒಳ್ಳೇದು ಓಆರ್‌ಎಸ್ ಪೊಟ್ಟಣ. ಅದರಲ್ಲಿ ಪೊಟ್ಯಾಸಿಯಮ್ಮು ಅನ್ನೋ ಇನ್ನೊಂದು ಉಪ್ಪೂ ಇರುತ್ತೆ, ಭೇದಿಯಲ್ಲಿ ಅದೂ ಹೋಗಿರುತ್ತೆ. ಉಪಕೇಂದ್ರದಲ್ಲಿ, ಆಶಾ ಅಕ್ಕನ ಹತ್ತಿರ ಪುಕ್ಕಟೆ ಸಿಗುತ್ತೆ. ಕೇಳಿ ಇಸ್ಕೊಳ್ಳಿ, ಅದು ಭಿಕ್ಷೆ ಅಲ್ಲ. ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಹಾಕಬೇಕು. ಲೋಟಕ್ಕೆ ಇಷ್ಟು ಅಂತ ಉದುರಿಸಿಕೊಂಡು ಕುಡಿಯೋದು ತಪ್ಪು. ಸಣ್ಣ ಪೊಟ್ಟಣವೂ ಬರುತ್ತೆ, ಎಷ್ಟು ನೀರಿಗೆ ಅಂತ ಓದಿ. ಓದೋಕೆ ಬರದಿದ್ದರೆ ಶಾಲೆಗೆ ಹೋಗೋ ಮಗಳ ಕೈಯಲ್ಲಿ ಓದಿಸಿ.

ಅಂಗಡಿಯಲ್ಲಿ ಬಣ್ಣಬಣ್ಣದ ಡಬ್ಬಿಯ ಮೇಲೆ ಓಆರ್‌ಎಸ್ ಅಂತ ಬರೆದು ಬರೀ ಸಕ್ಕರೆ ಪಾನಕ ಮಾರುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಅಳತೆಯಲ್ಲಿ ಇಲ್ಲದ ಪಾನೀಯಕ್ಕೆ ಆ ಹೆಸರು ಹಾಕಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿತು. ಅಷ್ಟು ವರ್ಷ ಬಡವನ ಮದ್ದಿನ ಹೆಸರಲ್ಲಿ ಯಾರ ಜೇಬು ತುಂಬಿತೋ. ಕೋಲಾ ಬಾಟಲಿಯೂ ಅಷ್ಟೇ, ಭೇದಿಗೆ ಅದು ಮದ್ದಲ್ಲ.

ಎಷ್ಟು ಕುಡಿಯಬೇಕು? ಬಾಯಿ ಒಣಗಿ ತಲೆ ಸುತ್ತುವ ಹಂತಕ್ಕೆ ಬಂದ ದೊಡ್ಡವರಿಗೆ ಮೊದಲ ನಾಲ್ಕು ಗಂಟೆಯಲ್ಲಿ ಎರಡರಿಂದ ನಾಲ್ಕು ಲೀಟರಿನವರೆಗೆ ಬೇಕಾಗುತ್ತೆ. ಕೇಳಿ ಗಾಬರಿಯಾಗಬೇಡಿ. ಒಂದೇ ಸಲ ಗಟಗಟ ಅಲ್ಲ, ಗುಟುಕು ಗುಟುಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಇನ್ನೂ ನಿಧಾನ. ಅದಾದ ಮೇಲೆ ಪ್ರತಿ ಭೇದಿಗೂ ಒಂದು ದೊಡ್ಡ ಲೋಟ. ಉಚ್ಚೆ ತೆಳು ಬಣ್ಣಕ್ಕೆ ಬಂದು ಚೆನ್ನಾಗಿ ಹೋಗತೊಡಗಿದರೆ ಮೈ ತುಂಬುತ್ತಿದೆ ಅಂತ. ಓಆರ್‌ಎಸ್ ಭೇದಿಯನ್ನು ನಿಲ್ಲಿಸೋದಿಲ್ಲ, ಇದನ್ನು ತಿಳಿದಿರಿ. ಭೇದಿ ನಿಲ್ಲೋವರೆಗೆ ಮನುಷ್ಯನನ್ನು ಉಳಿಸಿಕೊಳ್ಳುತ್ತೆ. ಊಟ ನಿಲ್ಲಿಸಬೇಡಿ. ಗಂಜಿಗೆ ಉಪ್ಪು ಹಾಕಿ, ರಾಗಿ ಅಂಬಲಿಗೆ ಮಜ್ಜಿಗೆ ಉಪ್ಪು ಹಾಕಿ, ಬೇಳೆ ಕಟ್ಟು ಕೊಡಿ. ಎಳನೀರು ಒಳ್ಳೇದೇ, ಆದರೆ ಅದರಲ್ಲಿ ನಮಗೆ ಬೇಕಾದ ಅಡುಗೆ ಉಪ್ಪಿನ ಅಂಶ ಕಡಿಮೆ, ಅದೊಂದನ್ನೇ ನೆಚ್ಚಬೇಡಿ. ಭೇದಿಯಲ್ಲಿ ರಕ್ತ ಬಿದ್ದರೆ, ಜ್ವರ ಸುಟ್ಟರೆ, ಕುಡಿದದ್ದೆಲ್ಲಾ ವಾಂತಿಯಾದರೆ ಆಸ್ಪತ್ರೆ. ಹೃದಯದ, ಮೂತ್ರಪಿಂಡದ ಕಾಯಿಲೆ ಇರುವವರು, ಬಿಪಿಗೆ ನೀರಿನ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಯವರು ಬೇಗ ಡಾಕ್ಟರಿಗೆ ತೋರಿಸಬೇಕು, ಅವರ ಅಳತೆ ಬೇರೆ.

ಬಿಸಿಲು ಬಡಿದದ್ದು ಇನ್ನೊಂದು ಬಗೆ. ಮೈ ಕೆಂಡದ ಹಾಗೆ ಸುಡ್ತಾ ಇದೆ, ಮಾತು ತಪ್ಪಿದೆ ಅಥವಾ ಬಿದ್ದಿದ್ದಾನೆ ಅಂದರೆ ಮೊದಲು ತಂಪು ಮಾಡಿ. ನೆರಳಿಗೆ ಎಳೆದು, ಅಂಗಿ ಬಿಚ್ಚಿ, ಮೈಮೇಲೆಲ್ಲಾ ನೀರು ಹುಯ್ದು ಬೀಸಿ. ಒದ್ದೆ ಬಟ್ಟೆಯನ್ನು ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. 108 ಬರೋವರೆಗೆ ಹುಯ್ತಾ ಇರಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕ್ಕೆ ಹೋಗಿ ಕೊಲ್ಲುತ್ತೆ. ಪ್ರೀತಿಯಿಂದ ಹಾಕಿದರೂ ಕೊಲ್ಲುತ್ತೆ.

ಕೆಲಸ ಮಾಡುವಾಗ ಬಾಯಾರೋವರೆಗೆ ಕಾಯಬೇಡಿ. ಕಾಲು ಗಂಟೆಗೋ ಇಪ್ಪತ್ತು ನಿಮಿಷಕ್ಕೋ ಒಂದು ಲೋಟ. ಗಂಟೆಗೆ ಒಂದೂವರೆ ಲೀಟರು ದಾಟಬೇಡಿ, ಅತಿಯಾದ ಬರೀ ನೀರು ರಕ್ತದ ಉಪ್ಪನ್ನು ತೆಳುಮಾಡಿ ಅದೂ ಅಪಾಯ ತರುತ್ತೆ. ನಿಕರಾಗುವಾ, ಎಲ್ ಸಾಲ್ವಡಾರ್ ಅನ್ನೋ ದೂರದ ದೇಶಗಳಲ್ಲಿ ಕಬ್ಬು ಕಡಿಯುವ ಗಟ್ಟಿ ಹುಡುಗರೇ ಮೂತ್ರಪಿಂಡ ಕೆಟ್ಟು ಸಾವಿರಾರು ಜನ ಸತ್ತಿದ್ದಾರೆ. ಬಿಸಿಲಿನ ದುಡಿಮೆ, ಮತ್ತೆ ಮತ್ತೆ ಮೈ ಬತ್ತೋದು ಅದಕ್ಕೆ ಮುಖ್ಯ ಕಾರಣ ಅಂತ ಅನೇಕ ತಜ್ಞರು ಹೇಳ್ತಾರೆ. ಅಲ್ಲಿ ಕೂಲಿಗಾರರಿಗಾಗಿ ಕೇಳಿದ್ದು ಮೂರೇ: ನೀರು, ವಿರಾಮ, ನೆರಳು.

ನಾವೂ ಅದನ್ನೇ ಕೇಳೋಣ. ಇದು ಹೊಸ ಬೇಡಿಕೆ ಅಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ 250ಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಬೇಸಿಗೆಯಲ್ಲಿ ತಣ್ಣೀರು ಕೊಡಬೇಕು ಅಂತ ಬರೆದಿದ್ದರು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು ಇರಬೇಕು ಅಂತ ಬರೆದಿದ್ದರು. ಗೌಡರ ಗದ್ದೆಗೆ, ಆಲೆಮನೆಗೆ ಬಂದು ಇದನ್ನು ಕೇಳುವವರು ಯಾರು? ಕಲಬುರಗಿ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ಇದೆ. ಫ್ಯಾನಿನ ಕೆಳಗೆ ಕೂತವರಿಗೆ ಬಿಸಿಲು ಹತ್ತುತ್ತೆ, ಒಲೆ ಮುಂದೆ ನಿಂತವನಿಗೆ ಹತ್ತಲ್ಲವೇ? ಬೇಸಿಗೆ ಮೂರು ತಿಂಗಳು ನಸುಕಿಗೇ ಕೆಲಸ ಹಿಡಿದು ಹನ್ನೊಂದಕ್ಕೆ ಬಿಡಬೇಕು, ಮತ್ತೆ ನಾಲ್ಕರ ಮೇಲೆ. ಕೂಲಿ ಕಡಿಯಬಾರದು. ಕೆಲಸದ ಜಾಗಕ್ಕೆ ನೀರು ಯಜಮಾನನೇ ತರಿಸಬೇಕು, ಒಂದೇ ಬಗೆಯ ಲೋಟ ಇಡಬೇಕು, ಹೆಂಗಸರಿಗೆ ಮರೆಯ ಜಾಗ ಮಾಡಬೇಕು. ಇದನ್ನು ಬರೆದು ತಂದಿದ್ದೀವಿ, ಸಭೆ ಮುಗಿದ ಮೇಲೆ ಹೆಬ್ಬೆಟ್ಟೋ ಸಹಿಯೋ ಹಾಕಿ.

ಕೇರಿಯ ನೀರಿನ ಮೇಲೂ ಕಣ್ಣಿರಲಿ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಮ್ಮ ಜನ ನಲ್ಲಿಯಲ್ಲಿ ಬಂದ ಕೊಳಕು ನೀರು ಕುಡಿದರು. ನೂರಕ್ಕೂ ಹೆಚ್ಚು ಜನ ವಾಂತಿಭೇದಿಗೆ ಬಿದ್ದರು, ಹಲವರು ಸತ್ತರು. ಒಂದೇ ದಿನ ಎರಡು ಮೂರು ಮನೆಯಲ್ಲಿ ಭೇದಿ ಕಂಡರೆ ಅದು ಅವರವರ ಹೊಟ್ಟೆಯ ತಪ್ಪಲ್ಲ, ಪೈಪಿನ ತಪ್ಪು. ಆ ನಲ್ಲಿ ಬಿಟ್ಟು, ಬೇರೆ ನೀರು ಕುದಿಸಿ ಕುಡಿಯಿರಿ. ಅವತ್ತೇ ಪಂಚಾಯಿತಿಗೂ ಆಸ್ಪತ್ರೆಗೂ ತಿಳಿಸಿ. ತೊಂಬೆ ತೊಳೆದಿದ್ದೀವಿ ಅಂದರೆ ಯಾವತ್ತು, ಯಾರು ಅಂತ ಕೇಳಿ.

ಮಾತು ಉದ್ದವಾಯಿತು, ಬಿಸಿಲೂ ಏರಿತು. ಈ ಬಿಂದಿಗೆಯಲ್ಲಿ ಕುದಿಸಿ ಆರಿಸಿದ ನೀರು ಹತ್ತು ಲೀಟರು ಇದೆ. ಚಿಕ್ಕಮ್ಮ ಎದ್ದು ಬರ್ತಾಳೆ, ಅವಳೇ ಅಳೆದು ಹಾಕ್ತಾಳೆ. ಅರವತ್ತು ಚಮಚ ಸಕ್ಕರೆ, ಐದು ಚಮಚ ಉಪ್ಪು, ನೀವೂ ಜೊತೆಗೆ ಎಣಿಸಿ. ಕಲಸಿದ ಮೇಲೆ ಎಲ್ಲರೂ ಒಂದೊಂದು ಗುಟುಕು ನಾಲಗೆ ಮೇಲಿಟ್ಟು ರುಚಿ ನೆನಪಿಟ್ಟುಕೊಳ್ಳಿ. ಕಣ್ಣೀರಿಗಿಂತ ಉಪ್ಪಾಗಿರಬಾರದು. ಆಗಿದ್ದರೆ ಚೆಲ್ಲಿ ಮತ್ತೆ ಕಲಸೋಣ. ಲೋಟ ನಾಲ್ಕೇ ಇವೆ, ತೊಳೆದು ತೊಳೆದು ಕೊಡ್ತೀವಿ. ಹಿಂದೆ ಕೂತಿರೋ ಅವ್ವಂದಿರಿಂದ ಶುರು ಮಾಡ್ರಪ್ಪ.